ಅಂಜಿಕಿಗೆ ಇಂಜೆಕ್ಷನ್

ಜೂನ್ ೯, ಸೋಮವಾರ

ಬೆಳಗಿನ ಜಾವ ಐದು ಗಂಟೆ. ಎಬ್ಬಿಸಿದ್ದು ಫೋನು. ಸೈಲೆಂಟ್ ಮಾಡಿ ಅಕ್ಕಿ ಡಬ್ಬಿಯ ಮುಚ್ಚಳದ ಮೇಲೆ ಇಟ್ಟಿದ್ದೆ. ಸ್ಟೀಲಿನ ಮೇಲೆ ಅದು ಗುರ್ರ್ ಗುರ್ರ್ ಅಂತ ಬೋರಲು ಬಿದ್ದ ಜೀರುಂಡೆಯ ಹಾಗೆ ಒದ್ದಾಡಿತು. ಎಬ್ಬಿಸಿತು ಅನ್ನುವುದೂ ಪೂರ್ತಿ ನಿಜವಲ್ಲ. ಮಗಳು ಮುತ್ತು ಹುಟ್ಟಿದಾಗಿನಿಂದ ನಾನು ಮಲಗುವುದಿಲ್ಲ, ಕಣ್ಣು ಮುಚ್ಚಿಕೊಂಡಿರುತ್ತೇನೆ ಅಷ್ಟೆ.

ಹೆಸರಿಲ್ಲದ ನಂಬರು. ನೋಡುತ್ತಾ ಕೂತೆ. ನಿಂತಿತು. ಮತ್ತೆ ಬಂತು. ಮತ್ತೆ ನೋಡುತ್ತಾ ಕೂತೆ. ಯಾರಾದರೂ ನೋಡಿದರೆ ಹಾವು ಕಂಡವಳು ಅಂದುಕೊಳ್ಳಬೇಕು. ಎದೆ ಪಕ್ಕದ ವರ್ಕ್‌ಶಾಪಿನ ಪ್ರೆಸ್ಸಿನ ಹಾಗೆ ಹೊಡೆದುಕೊಳ್ಳತೊಡಗಿತು.

ಆಮೇಲೆ ಕೆಳಗೆ ಗೇಟು ಬಡಿಯುವ ಸದ್ದು. ಮನೆ ಓನರ್ ಸೊಣ್ಣಮ್ಮನವರ ಗಂಟಲು ಇಡೀ ರಾಜಗೋಪಾಲನಗರಕ್ಕೆ ಕೇಳುವ ಹಾಗೆ: "ಯಾವನ್ಲಾ ಅದು, ಇಷ್ಟೊತ್ತಿಗೆ ಗೇಟ್ ಮುರೀತಿರೋನು!"

ಯಾವನೂ ಅಲ್ಲ, ನನ್ನ ಗಂಡ. ಬಸಲಿಂಗ. (ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ಇಲ್ಲಾದರೂ ಬರೆಯುತ್ತೇನೆ.) ಪೀಣ್ಯದ ಶಾಪಿನಲ್ಲಿ ಕರೆಂಟು ಹೋಗಿ ನೈಟ್ ಶಿಫ್ಟಿನವರನ್ನು ಬೇಗ ಬಿಟ್ಟಿದ್ದಾರೆ. ಇವರ ಫೋನಿನಲ್ಲಿ ಚಾರ್ಜಿಲ್ಲ. ಜೊತೆಗಾರನ ಫೋನಿನಿಂದ ಮಾಡಿದ್ದಾರೆ, ಮೇಲಿಂದ ಗೇಟಿನ ಕೀಲಿ ಒಗಿ ಅನ್ನಲು.

ಮೇಲೆ ಬಂದವರು ಬೂಟು ಬಿಚ್ಚುತ್ತಾ, "ಏನ ಮಾರಾಯ್ತಿ, ಫೋನ್ ಎತ್ತಿದರ ಕೈ ಸವೀತಾವೇನ?" ಅಂದರು.

ನಾನು ಸುಮ್ಮನಿದ್ದೆ. ನಾನು ಯಾವಾಗಲೂ ಸುಮ್ಮನಿರುತ್ತೇನೆ. ನನ್ನನ್ನು ನೋಡಲು ಇಳಕಲ್ಲಿಗೆ ಬಂದಾಗ ಇವರ ಕಡೆಯವರು ಮೆಚ್ಚಿದ್ದೇ ಅದನ್ನು. "ಹುಡುಗಿ ಬಾಳ ಸಾಧು, ಬಾಯಾಗ ಮಾತ ಇಲ್ಲ." ಅವತ್ತು ಗುಣವಾಗಿದ್ದದ್ದು ಇವತ್ತು ಬೈಗುಳ ಹೇಗಾಯಿತು ಅಂತ ಇವರನ್ನು ಕೇಳಬೇಕು. ಕೇಳಲು ಬಾಯಿ ಬೇಕು.

ಇದೆಲ್ಲ ದೊಡ್ಡದಲ್ಲ. ಇವತ್ತು ಆಗಿದ್ದು ಬೇರೆಯೇ. ಮಧ್ಯಾಹ್ನ ಪ್ಲೇ ಹೋಮಿನಿಂದ ಮುತ್ತುವನ್ನು ಕರೆತರಲು ಹೋದೆ. ಗೇಟಿನಲ್ಲಿ ನಿಂತಿದ್ದಳು, ಲಂಗ ಒದ್ದೆ, ಕಾಲುಚೀಲ ಒದ್ದೆ. ಶ್ರೀರಂಜನಿ ಮಿಸ್ ಅವಳ ಕೈಯನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಎಲ್ಲ ತಾಯಂದಿರ ಮುಂದೆ ಹೇಳಿದರು:

"ಮೇಡಂ, ದಿನಾ ಇದೇ ಆಗೋಯ್ತು. ಬಾಯಿ ಬಿಟ್ಟು ಒಂದ್ ಮಾತ್ ಹೇಳಲ್ವಲ್ಲ. ಮೂಗಿನಾ ನಿಮ್ ಮಗು?"

ಮೂಗಿ! ಮನೆಯಲ್ಲಿ ನನ್ನ ತಲೆ ತಿನ್ನುವವಳು. ಇರುವೆಗೆ ಹೆಸರಿಡುವವಳು. ಗ್ಯಾಸ್ ಸಿಲಿಂಡರಿನ ಜೊತೆ ಜಗಳವಾಡುವವಳು.

ನಾನು ಏನು ಮಾಡಿದೆ? ನಕ್ಕೆ. ಹಲ್ಲು ಬಿಟ್ಟು, ತಪ್ಪಾಯ್ತು ಅನ್ನುವ ಹಾಗೆ ನಕ್ಕೆ. ಅವರು ನನ್ನ ಮಗಳನ್ನು ಮೂಗಿ ಅಂದಾಗ ಮುತ್ತು ನನ್ನ ಮುಖವನ್ನೇ ನೋಡುತ್ತಿದ್ದಳು, ಮತ್ತು ನಾನು ನಗುತ್ತಿದ್ದೆ.

ಜೂನ್ ೧೦, ಮಂಗಳವಾರ

ನನ್ನ ರೋಗಕ್ಕೆ ಹೆಸರಿದೆಯಂತೆ. ಫೋನಿನಲ್ಲಿ ಹುಡುಕಿದೆ. ಸೋಷಿಯಲ್ ಆಂಗ್ಸೈಟಿ. ಕನ್ನಡದಲ್ಲಿ ಸಾಮಾಜಿಕ ಆತಂಕ ಅಂತ ಬರೆದಿದ್ದಾರೆ. ಕೇಳಿದರೆ ಪತ್ರಿಕೆಯ ಸಂಪಾದಕೀಯದ ಹಾಗಿದೆ, ಯಾರೋ ಸಮಾಜದ ಬಗ್ಗೆ ಚಿಂತಿಸುತ್ತಿದ್ದಾರೇನೋ ಅನ್ನಬೇಕು. ನಮ್ಮ ಕಡೆ ಇದಕ್ಕೆ ಅಂಜಿಕಿ ಅಂತಾರೆ. ಸಾಕಲ್ಲ?

ಲಕ್ಷಣಗಳನ್ನು ಓದಿದೆ. ಓದುತ್ತಾ ಓದುತ್ತಾ ನನ್ನನ್ನು ಯಾರೋ ಕದ್ದು ನೋಡಿ ಬರೆದ ಹಾಗಿತ್ತು. ಅಂಗಡಿಯಲ್ಲಿ ತಪ್ಪು ಸಾಮಾನು ಕೊಟ್ಟರೂ ವಾಪಸ್ ಕೇಳದಿರುವುದು. ಬಸ್ಸಿನಲ್ಲಿ "ಇಳೀತೀನಿ" ಅನ್ನಲಾಗದೆ ಮುಂದಿನ ಸ್ಟಾಪಿನವರೆಗೆ ಹೋಗುವುದು. ಫೋನ್ ಬಂದರೆ ಎತ್ತದಿರುವುದು. ಕೊನೆಯಲ್ಲಿ ಏನು ಬರೆದಿದ್ದರು ಗೊತ್ತೇ? "ಈ ಲಕ್ಷಣಗಳು ನಿಮ್ಮಲ್ಲಿದ್ದರೆ ತಡಮಾಡದೆ ಈ ನಂಬರಿಗೆ ಫೋನ್ ಮಾಡಿ."

ಫೋನ್ ಮಾಡಿ! ಕಾಲು ಮುರಿದವರಿಗೆ ಬೆಟ್ಟದ ಮೇಲೆ ಆಸ್ಪತ್ರೆ ಕಟ್ಟಿಸಿದ್ದಾರೆ. ಇದನ್ನು ಬರೆದವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು?

ಇನ್ನೊಂದು ಕಡೆ "ಸಂಕೋಚ ಪಡದೆ ಸಂಪರ್ಕಿಸಿ" ಅಂತಿತ್ತು. ಸಂಕೋಚ ಪಡದೆ ಇರಲು ಬರುತ್ತಿದ್ದರೆ ನಾನ್ಯಾಕೆ ನಿಮ್ಮನ್ನು ಸಂಪರ್ಕಿಸಲಿ?

ಹಾಸ್ಟೆಲಿನಲ್ಲಿದ್ದಾಗ ನನ್ನ ಪರವಾಗಿ ಮಾತಾಡಲು ಶೈಲಶ್ರೀ ಇರುತ್ತಿದ್ದಳು. ಧಾರವಾಡದಲ್ಲಿ ಬಿ.ಕಾಂ. ಮುಗಿಯುವವರೆಗೂ ಒಂದೇ ರೂಮು. ಮೆಸ್ಸಿನವನ ಜೊತೆ ಜಗಳ, ವಾರ್ಡನ್ ಹತ್ತಿರ ಪರ್ಮಿಷನ್, ಎಲ್ಲ ಅವಳೇ. ಈಗ ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಾಲ್ ಸೆಂಟರಿನಲ್ಲಿ ರಾತ್ರಿಯಿಡೀ ಅಮೆರಿಕದವರಿಗೆ ಉತ್ತರ ಹೇಳುತ್ತಾಳೆ. ಮುತ್ತು ಹುಟ್ಟಿದಾಗಿನಿಂದ ಎಷ್ಟು ಸಲ ಫೋನ್ ಮಾಡಿದ್ದಾಳೋ. ನಾನು ಎತ್ತಿಲ್ಲ. ಈಗ ಅವಳೂ ಮಾಡುವುದಿಲ್ಲ. ಸರಿಯೇ ಇದೆ.

ಕೊನೆಗೆ ಒಂದು ಆಪ್ ಸಿಕ್ಕಿತು. ಫೋನೇ ಬೇಡ, ಟೈಪ್ ಮಾಡಿ ಕೌನ್ಸೆಲರನ್ನು ವಿಡಿಯೋಗೆ ಬುಕ್ ಮಾಡಬಹುದು. ಭಾಷೆ ಅನ್ನುವ ಕಡೆ ಕನ್ನಡ ಒತ್ತಿದೆ. ಇಡೀ ಬೆಂಗಳೂರಿಗೆ ಒಂದೇ ಮುಖ ಬಂತು. ಋಷಿಕೇಶ್. ಗಡ್ಡ, ಗಿಡದ ಕುಂಡ, ಹಿಂದೆ ಪುಸ್ತಕದ ಕಪಾಟು.

ಜೂನ್ ೧೨, ಗುರುವಾರ

ಮುತ್ತುವನ್ನು ಬಿಟ್ಟುಬಂದು, ಅಡುಗೆ ಮನೆಯ ಬಾಗಿಲು ಹಾಕಿಕೊಂಡು, ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿ ಕೂತೆ. ಏನು ಹೇಳಬೇಕು ಅಂತ ಬರೆದುಕೊಂಡಿದ್ದೆ. ನಮಸ್ಕಾರ ಸರ್, ನನಗೆ ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ, ಅದರಿಂದ ನನ್ನ ಮಗಳಿಗೆ ತೊಂದರೆಯಾಗುತ್ತಿದೆ.

"ನಮಸ್ಕಾರ ಸರ್" ಅಂದೆ.

"ಹಾಯ್ ಹಾಯ್! ಐ ಹೋಪ್ ಇಂಗ್ಲಿಷ್ ಈಸ್ ಓಕೇ?"

"ಕನ್ನಡ... ಅಂತ ಹಾಕಿತ್ತು..."

"ಓ ಯೆಸ್ ಯೆಸ್. ಕನ್ನಡ ಸ್ವಲ್ಪ ಸ್ವಲ್ಪ ಬರುತ್ತೆ. ಊಟ ಆಯ್ತಾ!" ಅಂತ ನಕ್ಕರು. "ಬಟ್ ಫೀಲಿಂಗ್ಸ್ ಎಲ್ಲಾ ಇಂಗ್ಲಿಷಲ್ಲಿ ಈಸಿ ಅಲ್ವಾ?"

ಯಾರಿಗೆ ಈಸಿ? ನನ್ನ ಎದೆ ಹೊಡೆದುಕೊಳ್ಳುವುದು ಇಂಗ್ಲಿಷಿನಲ್ಲಾ? ನನ್ನ ಊರಿನಲ್ಲಿ ಅಲ್ಲ, ಕನ್ನಡದ ರಾಜಧಾನಿಯಲ್ಲಿ ಕೂತು ನನ್ನ ಸಂಕಟವನ್ನು ಹೇಳಿಕೊಳ್ಳಲು ಮೊದಲು ಒಂದು ಭಾಷೆ ಪಾಸಾಗಬೇಕೇ? ಇದನ್ನೆಲ್ಲ ಈಗ ಬರೆಯುತ್ತಿದ್ದೇನೆ. ಅಲ್ಲಿ ಹೇಳಿದ್ದು "ಯೆಸ್ ಸರ್".

ಆಮೇಲೆ ಎಲ್ಲದಕ್ಕೂ ಯೆಸ್ ಸರ್. ಉಸಿರು ಎಳೆದುಕೊಳ್ಳಿ ಅಂದರು, ಎಳೆದುಕೊಂಡೆ. ಸಮುದ್ರದ ದಂಡೆ ಕಲ್ಪಿಸಿಕೊಳ್ಳಿ ಅಂದರು. ನಾನು ಸಮುದ್ರವನ್ನು ನೋಡಿಯೇ ಇಲ್ಲ. ಬಟ್ಟೆ ನೆನೆಹಾಕಿದ ಬಕೆಟನ್ನು ನೋಡುತ್ತಾ ಯೆಸ್ ಸರ್ ಅಂದೆ. ಕೊನೆಗೆ "ಯು ಆರ್ ಡೂಯಿಂಗ್ ಗ್ರೇಟ್" ಅಂದರು. ಮಗಳ ವಿಷಯ ಬಾಯಿಗೆ ಬರಲೇ ಇಲ್ಲ.

ಮುಗಿದ ಮೇಲೆ ಎಷ್ಟು ಸ್ಟಾರ್ ಕೊಡುತ್ತೀರಿ ಅಂತ ಕೇಳಿತು. ಐದೂ ಕೊಟ್ಟೆ. ಕಡಿಮೆ ಕೊಟ್ಟರೆ ಅವರಿಗೆ ಬೇಜಾರಾಗುತ್ತದಲ್ಲ.

ಥೂ, ನನ್ನ ಜನ್ಮಕ್ಕೆ.

ಜೂನ್ ೧೩, ಶುಕ್ರವಾರ

ಮತ್ತೆ ಲಂಗ ಒದ್ದೆ. ಮತ್ತೆ ನಕ್ಕು ಬಂದೆ.

ಜೂನ್ ೧೬, ಸೋಮವಾರ

ಇವತ್ತು ಪ್ಲೇ ಹೋಮಿನ ಹೆಡ್ ಮೇಡಂ ಇವರಿಗೇ ಫೋನ್ ಮಾಡಿದ್ದಾರೆ. ನಾನು ಎತ್ತುವುದಿಲ್ಲವಲ್ಲ. ಈ ತಿಂಗಳ ಕೊನೆಯವರೆಗೆ ನೋಡುತ್ತಾರಂತೆ. ಮಗು ಬಾಯಿ ಬಿಡದಿದ್ದರೆ ಮೂವತ್ತನೇ ತಾರೀಖು ಬಂದು ಬಿಡಿಸಿಕೊಂಡು ಹೋಗಬೇಕಂತೆ. "ಇಂಥಾ ಮಕ್ಕಳಿಗೆ ಬೇರೆ ಸ್ಕೂಲ್ ಇರ್ತವೆ."

ಇವರು ಏನು ಹೇಳಿದರಂತೆ? "ಆತ್ರೀ ಮೇಡಂ, ನೀವು ಹೆಂಗ ಹೇಳ್ತೀರಿ ಹಂಗ."

ಊಟಕ್ಕೆ ಕೂತಾಗ ನನಗೆ ಸಮಾಧಾನ ಬೇರೆ: "ಒಂದ ವರ್ಷ ಮನ್ಯಾಗ ಇರಲಿ ತಗೋ. ದೊಡ್ಡಾಕಿ ಆದಮ್ಯಾಲ ತಾನ ಮಾತಾಡ್ತಾಳ. ನೀನೂ ಸಣ್ಣಾಕಿದ್ದಾಗ ಹಂಗ ಇದ್ದಿ ಅಂತ ನಿಮ್ಮವ್ವನ ಹೇಳ್ಯಾಳಲ್ಲ."

ಅದಕ್ಕೇ ರೀ! ಅದಕ್ಕೇ! ನಾನು ದೊಡ್ಡವಳಾದೆನಲ್ಲ, ಮಾತಾಡಿದೆನೇ? ಮನೆಯಲ್ಲೇ ಇಟ್ಟರೆ ಅವಳು ಇನ್ನೊಂದು ನಾನಾಗುತ್ತಾಳೆ. ಬಾಳ ಸಾಧು ಹುಡುಗಿ. ಬಾಯಲ್ಲಿ ಮಾತಿಲ್ಲದವಳು. ಯಾವನೋ ಬಂದು ಮೆಚ್ಚಿಕೊಂಡು ಹೋಗುತ್ತಾನೆ.

"ನೀವು ಹೋಗಿ ಮಾತಾಡ್ರಿ" ಅಂದೆ, ಅನ್ನ ಬಡಿಸುತ್ತಾ.

"ಏನಂತ ಮಾತಾಡಲಿ? ಆಕಿ ಮಾತಾಡಂಗಿಲ್ಲ ಅನ್ನೂದು ಸುಳ್ಳೇನು?"

ಮುತ್ತು ತಟ್ಟೆಯ ಹಿಂದಿನಿಂದ, "ಯಪ್ಪಾ, ನಂಗ ಸಾರ ಬ್ಯಾಡ, ಮಸರ ಬೇಕ. ಈ ಬಟ್ಟಲ ಬ್ಯಾಡ, ಆ ಬಟ್ಟಲ" ಅಂತ ಹುಕುಂ ಮಾಡುತ್ತಿದ್ದಳು.

ನಾನೇ ಹೋಗಿ ಮಾತಾಡಬೇಕು. ಮೂವತ್ತರೊಳಗೆ ನನ್ನ ಬಾಯಿ ರಿಪೇರಿಯಾಗಬೇಕು.

ಜೂನ್ ೧೮, ಬುಧವಾರ

ಮೇನ್ ರೋಡಿನಲ್ಲಿ ಒಂದು ನರ್ಸಿಂಗ್ ಹೋಮಿದೆ. ಬೋರ್ಡಿನ ಕೆಳಸಾಲಿನಲ್ಲಿ "ಮನೋವೈದ್ಯರು ಲಭ್ಯ" ಅಂತಿದೆ, ಕನ್ನಡದಲ್ಲೇ ಇದೆ. ಕೆಳಗೆ ನಂಬರು. ಬೆಳಿಗ್ಗೆ ಪೂರ್ತಿ ಈ ಪುಸ್ತಕದಲ್ಲಿ ಏನು ಹೇಳಬೇಕು ಅಂತ ಬರೆದು ಬಾಯಿಪಾಠ ಮಾಡಿದೆ. ಅವರು "ಹಲೋ" ಅಂದರೆ ನಾನು "ನಮಸ್ಕಾರ, ಮನೋವೈದ್ಯರ ಭೇಟಿಗೆ ಸಮಯ ಬೇಕಿತ್ತು. ನನಗೆ ಆತಂಕದ ಸಮಸ್ಯೆ ಇದೆ." ಇಷ್ಟೇ. ಒಂದನೇ ತರಗತಿಯ ಪದ್ಯಕ್ಕಿಂತ ಚಿಕ್ಕದು.

ಮಾಡಿದೆ. ನಾನೇ ಒತ್ತಿ ಮಾಡಿದೆ.

"ಹಲೋ, ಹೇಳಿ!" ಅಂತ ಒಂದು ಹುಡುಗಿ. ಹಿಂದೆ ಮಗು ಅಳುವ ಸದ್ದು, ಯಾರೋ ಕೂಗುವ ಸದ್ದು.

ನನಗೆ ಹೆದರಿಕೆಯಾದಾಗ ಮೊದಲು ಓಡಿಹೋಗುವುದು ಬೆಂಗಳೂರು ಕನ್ನಡ. ಅದರ ಹಿಂದೆ ಪುಸ್ತಕದ ಕನ್ನಡ. ಉಳಿಯುವುದು ಇಳಕಲ್ಲಿನದೊಂದೇ.

"ರೀ... ನಂಗ... ಅಂಜಿಕಿ... ಅಂಜಿಕಿ ಸಲುವಾಗಿ..."

"ಏನು? ಜೋರಾಗ್ ಹೇಳಿ!"

"ಅಂಜಿಕಿ ರೀ..."

"ಓ, ಇಂಜೆಕ್ಷನ್ನಾ? ಇಂಜೆಕ್ಷನ್‌ಗೆಲ್ಲ ಅಪಾಯಿಂಟ್‌ಮೆಂಟ್ ಬೇಡ ಮೇಡಂ, ಸೀದಾ ಬನ್ನಿ. ನಾಳೆ ಬೆಳಿಗ್ಗೆ ಹತ್ತಕ್ಕೆ. ಹೆಸ್ರು?"

ಹೆಸರು ಹೇಳಿದೆ. ಅಲ್ಲಮ್ಮಾ, ಇಂಜೆಕ್ಷನ್ ಅಲ್ಲ, ಅನ್ನಬೇಕಿತ್ತು. ಅಷ್ಟರಲ್ಲಿ ಇಟ್ಟುಬಿಟ್ಟಳು. ಇನ್ನೊಮ್ಮೆ ಮಾಡುವುದು ನನ್ನ ಕೈಯಲ್ಲಿ ಆಗದು. ನಾಳೆ ಹೋಗಿ ಎದುರಿಗೇ ಹೇಳಿದರಾಯಿತು. ಎದುರಿಗಾದರೆ ಬಾಯಿ ನೋಡಿ ಅರ್ಥವಾಗಬಹುದು.

ಜೂನ್ ೧೯, ಗುರುವಾರ

ಎಡಗೈಯಿಂದ ಬರೆಯುತ್ತಿಲ್ಲ ಪುಣ್ಯಕ್ಕೆ. ಎಡತೋಳು ಎತ್ತಲು ಬರುತ್ತಿಲ್ಲ.

ಹೋದೆ. ಕೌಂಟರಿನ ಹುಡುಗಿ ಹೆಸರು ಕೇಳಿದಳು, ಹೇಳಿದೆ. "ಹಾಂ, ಇಂಜೆಕ್ಷನ್ನವರು, ಒಳಗ್ ಹೋಗಿ" ಅಂತ ಪೆನ್ನಿನಲ್ಲಿ ತೋರಿಸಿದಳು. ಇಲ್ಲ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಒಬ್ಬರು "ಸ್ವಲ್ಪ ಸರ್ಕೊಳಮ್ಮ, ಲೇಟಾಯ್ತು" ಅಂದರು. ಸರಿದೆ. ಸರಿದರೆ ಇಂಜೆಕ್ಷನ್ ರೂಮು. ಅಲ್ಲಿ ಲಸಿಕೆಯ ಮಕ್ಕಳನ್ನು ಎತ್ತಿಕೊಂಡ ತಾಯಂದಿರ ಸಾಲು, ಮಗುವಿಲ್ಲದೆ ನಾನೊಬ್ಬಳು. ಎಲ್ಲರೂ ನನ್ನ ಕಂಕುಳನ್ನು ನೋಡುತ್ತಿದ್ದರು, ಮಗು ಎಲ್ಲಿ ಬೀಳಿಸಿಬಂದಳು ಅನ್ನುವ ಹಾಗೆ.

ಸಿಸ್ಟರ್ ಕೇಳಿದರು: "ನಿಮಗೇನಮ್ಮ?"

"ಅದು... ಡಾಕ್ಟ್ರು..."

ಅವರ ಕಣ್ಣು ನನ್ನ ಬೆರಳ ಪಟ್ಟಿಯ ಮೇಲೆ ಬಿತ್ತು. ಮೊನ್ನೆ ಈರುಳ್ಳಿ ಹೆಚ್ಚುವಾಗ ಕೊಯ್ದುಕೊಂಡದ್ದು. "ಓ, ಟಿ.ಟಿ.ಗಾ? ಕಬ್ಬಿಣ ತಾಗಿದ್ದಾ? ಬನ್ನಿ ಬನ್ನಿ, ಡ್ಯೂಟಿ ಡಾಕ್ಟ್ರ ಸೈನ್ ನಾನ್ ಹಾಕಿಸ್ಕೋತೀನಿ."

ತಲೆಯಾಡಿಸಿದೆ! ಯಾಕೆ ಆಡಿಸಿದೆ? ಈ ತಲೆ ನನ್ನದೇ ಆಗಿದ್ದರೆ ನನ್ನನ್ನು ಕೇಳದೆ ಯಾಕೆ ಆಡುತ್ತದೆ?

ಚುಚ್ಚಿದರು. ನಾನು "ಥ್ಯಾಂಕ್ಸ್ ರೀ ಸಿಸ್ಟರ್" ಅಂತಲೂ ಅಂದೆ.

ಮನೋವೈದ್ಯರ ಬಾಗಿಲು ಎದುರಿಗೇ ಇತ್ತು. ತೋಳಿಗೆ ಹತ್ತಿ ಒತ್ತಿಕೊಂಡು ಅದರ ಪಕ್ಕದಲ್ಲೇ ಬೆಂಚಿನ ಮೇಲೆ ಕೂತೆ, ತಲೆಸುತ್ತು ಬರದಿರಲೆಂದು. ಆಮೇಲೆ ಎದ್ದು ಮನೆಗೆ ಬಂದೆ.

ಅಂಜಿಕಿಗೆ ಇಂಜೆಕ್ಷನ್ ಮಾಡಿಸಿಕೊಂಡು ಬಂದ ಮೊದಲ ಹೆಂಗಸು ನಾನೇ ಇರಬೇಕು. ಅವರ ಮೇಲೆ ಸಿಟ್ಟು, ಆ ಬೋರ್ಡಿನ ಮೇಲೆ ಸಿಟ್ಟು, ಕೇಳುವ ವ್ಯವಧಾನ ಇಲ್ಲದ ಈ ಊರಿನ ಮೇಲೆ ಸಿಟ್ಟು. ಬಾಯಿ ತೆರೆದರೆ "ನಾರ್ತ್ ಕರ್ನಾಟಕ ಕಡೆಯವ್ರಾ?" ಅಂತ ನಗುತ್ತಾರೆ, ದಿನಸಿ ಅಂಗಡಿಯವನು "ಏನ್ ಬೇಕ್ರೀ ಯಕ್ಕಾ" ಅಂತ ನನ್ನ ದನಿ ಅಣಕಿಸುತ್ತಾನೆ. ನಕ್ಕರೆ ನಗಲಿ, ಅರ್ಥವನ್ನಾದರೂ ಮಾಡಿಕೊಳ್ಳಬಾರದೇ?

ಜೂನ್ ೨೨, ಭಾನುವಾರ

ಟೆರೇಸಿನಲ್ಲಿ ಬಟ್ಟೆ ಹಿಂಡುವಾಗ ಸೊಣ್ಣಮ್ಮ ಬಂದರು. ನಾನು ಒಂದೇ ಕೈಯಲ್ಲಿ ಹಿಂಡುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಏನವ್ವಾ ಕೈಗೆ? ಅವ್ನೇನಾದ್ರೂ ವಡದ್ನಾ? ಏಳು, ಇವತ್ತೇ ಮನೆ ಖಾಲಿ ಮಾಡುಸ್ತೀನಿ, ಅವನೊಬ್ಬನ್ನೇಯ."

ಇವರಿಗೆ ಅಪವಾದ ಬರಬಾರದಲ್ಲ, ಅದಕ್ಕೆ ಹೇಳಿದೆ. ಶುರು ಮಾಡಿದ್ದು ಇಂಜೆಕ್ಷನ್ನಿನಿಂದ, ಆಮೇಲೆ ಅದು ತಾನೇ ಹಿಂದಕ್ಕೆ ಹಿಂದಕ್ಕೆ ಹೋಗಿ ಅಂಜಿಕಿ, ಫೋನು, ಮೂಗಿ ಎಲ್ಲ ಬಂದುಬಿಟ್ಟಿತು. ಸೊಣ್ಣಮ್ಮ ನೀರಿನ ಟ್ಯಾಂಕು ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನನಗೆ ಅವಮಾನವಾಗಿ ಬಕೆಟ್ ಎತ್ತಿಕೊಂಡು ಹೊರಟೆ.

"ಏಯ್ ನಿಂತ್ಕಳೇ! ಸಿಟ್ ನೋಡು ಇವ್ಳ್ದು. ಇಷ್ಟ್ ದಿನ ನಮ್ ಮನೇಲಿದ್ದೀಯ, ಇವತ್ತೇಯ ನಿನ್ ದನಿ ನಾನು ನೆಟ್ಟಗೆ ಕೇಳಿದ್ದು." ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಮ್ ಅಳೀಮಯ್ಯಂಗೆ ಕುಡ್ತ ಬುಡುಸಿದ್ದು ಸರ್ಕಾರಿ ಆಸ್ಪತ್ರೇಲಿ. ಮಂಗಳವಾರ ಮಂಗಳವಾರ ಅಲ್ಲೊಬ್ರು ಯಮ್ಮ ಬತ್ತಾರೆ. ಕನ್ನಡದೋರು. ಫೋನ್ ಗೀನ್ ಏನೂ ಬ್ಯಾಡ, ಓಗಿ ಕುಂತ್ಕಂಡ್ರೆ ಆಯ್ತು. ಕೂಸ್ನ ನಾನ್ ಕರ್ಕಬತ್ತೀನಿ ಇಸ್ಕೂಲಿಂದ."

ಕುಡುಕರ ಡಾಕ್ಟರ ಹತ್ತಿರ ನಾನು! ಹೋಗುವುದಿಲ್ಲ.

ಜೂನ್ ೨೪, ಮಂಗಳವಾರ

ಹೋದೆ.

ವ್ಯವಸ್ಥೆಯ ಬಗ್ಗೆ ಮೊದಲು ಬರೆಯುತ್ತೇನೆ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಕೌನ್ಸೆಲಿಂಗ್ ರೂಮಿಗೆ ಹಳೆಯ ಕ್ಷಯರೋಗ ವಿಭಾಗದ ಬೋರ್ಡೇ ಇನ್ನೂ ಇದೆ. ಒಳಗೆ ಮೂರು ಮುರಿದ ಕುರ್ಚಿ, ಒಂದು ಟೇಬಲ್ಲು. ಬಾಗಿಲು ತೆರೆದೇ ಇರುತ್ತದೆ. ಆ ಬಾಗಿಲಿನಲ್ಲಿ ಮುಂದಿನ ಸರದಿಯವರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ಒಳಗಿನವರ ಕಥೆ ಕೇಳುತ್ತಾ ನಿಂತಿರುತ್ತಾರೆ. ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ ಅನ್ನುವುದನ್ನು ನಲವತ್ತು ಜನರ ಮುಂದೆ ಹೇಳಬೇಕು. ಭೇಷ್!

ಕೌನ್ಸೆಲರ್ ಹೆಸರು ವೆಂಕಟಲಕ್ಷ್ಮಿ. ನರೆತ ಕೂದಲು, ಕಾಟನ್ ಸೀರೆ, ಕತ್ತಿನಲ್ಲಿ ಕನ್ನಡಕದ ದಾರ. "ಹೇಳಮ್ಮ" ಅಂದರು. ನಾನು ಬಾಯಿ ತೆರೆದೆ. ಒಬ್ಬ ಯಜಮಾನರು ಪೂರ್ತಿ ಒಳಗೇ ಬಂದು ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು, ನಾನು ಏನು ಹೇಳುತ್ತೇನೆ ಅಂತ. ಅವರ ಉಸಿರು ನನ್ನ ಕಿವಿಗೆ ತಾಗುತ್ತಿತ್ತು.

ನನಗೆ ಎಲ್ಲಿತ್ತೋ ಸಿಟ್ಟು. "ಏನ್ರೀ ಯಜಮಾನ್ರ, ಬಯಲಾಟ ನಡದೈತೇನ್ರೀ ಇಲ್ಲೆ? ಹೊರಗ ನಿಂದ್ರಿ! ನಡ್ರಿ, ನೀವೂ ನಡ್ರಿ!" ಅಂತ ಎಲ್ಲರನ್ನೂ ಅಟ್ಟಿ ಬಾಗಿಲು ಹಾಕಿ, ಚಿಲಕ ಸರಿಯಿಲ್ಲದ್ದಕ್ಕೆ ಅದಕ್ಕೊಂದು ಕುರ್ಚಿ ಒತ್ತಿಟ್ಟು ಬಂದು ಕೂತೆ. ಆ ಕೆಲಸ ಆಸ್ಪತ್ರೆಯವರು ಮಾಡಬೇಕಾದ್ದು. ನಾನು ಮಾಡಬೇಕಾಯಿತು.

ಆಯಮ್ಮ ಬಾಗಿಲು ನೋಡಿದರು, ನನ್ನನ್ನು ನೋಡಿದರು, ಏನೋ ಬರೆದುಕೊಂಡರು. "ಹೂಂ, ಏನು ತೊಂದರೆ?"

"ನಂಗ ಮಾತಾಡಾಕ ಬರಂಗಿಲ್ರೀ ಮೇಡಂ" ಅಂದೆ. ಆಯಮ್ಮ ಮತ್ತೆ ಬಾಗಿಲಿನ ಕಡೆ ನೋಡಿದರು. ನಗು ತಡೆದುಕೊಂಡ ಹಾಗೆ ಕಂಡಿತು, ನನಗೆ ಇಷ್ಟವಾಗಲಿಲ್ಲ.

ಋಷಿಕೇಶ್ ವಿಷಯ ಹೇಳಿದೆ. ಇಂಜೆಕ್ಷನ್ ವಿಷಯ ಹೇಳಿದೆ. ಮೂಗಿ ಅಂದದ್ದು, ನಾನು ನಕ್ಕದ್ದು ಹೇಳುವಾಗ ಅತ್ತೆ. ಆಯಮ್ಮ ಸಮುದ್ರ ಗಿಮುದ್ರ ಏನೂ ಕಲ್ಪಿಸಿಕೊಳ್ಳಲು ಹೇಳಲಿಲ್ಲ. "ನಿಮ್ಮ ಊರ ಕಡೆ ಇದಕ್ಕೇನಂತಾರೆ?" ಅಂತ ಕೇಳಿದರು.

"ಅಂಜಿಕಿ."

"ಹಂಗಾದ್ರೆ ಅದನ್ನೇ ಬರೀತೀನಿ" ಅಂತ ಚೀಟಿಯಲ್ಲಿ ಕನ್ನಡದಲ್ಲಿ ಬರೆದರು. ಕಿಯೇ ಬರೆದರು, ಕೆ ಅಲ್ಲ.

ಕೊನೆಗೆ ಕೊಟ್ಟ ಔಷಧ ಏನು ಗೊತ್ತೇ? "ಯಾರಾದ್ರೂ ಒಬ್ರಿಗೆ, ನನಗೆ ಫೋನ್ ಮಾಡಿ ಅಂತ ನೀವಾಗೇ ಕೇಳಿ. ಅವ್ರು ಮಾಡಿದಾಗ ಎತ್ತಿ. ಹಲೋ ಅಂದು ಇಟ್ಟುಬಿಟ್ರೂ ಪರವಾಗಿಲ್ಲ. ಮುಂದಿನ ಮಂಗಳವಾರ ಬನ್ನಿ."

"ಮೂವತ್ತಕ್ಕ ಸ್ಕೂಲಿಗೆ ಹೋಗೂದೈತ್ರೀ ಮೇಡಂ, ಮಂಗಳವಾರ ಅಂದ್ರ ಒಂದನೇ ತಾರೀಖು! ಅಷ್ಟರಾಗ ಬಿಡಿಸಿ ಕಳಸಿರ್ತಾರ!"

"ಅದಕ್ಕೇ ಹೇಳಿದ್ದು. ಅಷ್ಟರೊಳಗೆ ಒಂದು ಫೋನ್ ಎತ್ತಿ."

ಇದಕ್ಕಾ ಅಷ್ಟು ಓದಿದ್ದು? ಬಸ್ಸಿನಲ್ಲಿ ಬರುವಾಗ ಪೂರ್ತಿ ಸಿಟ್ಟು. ಕಂಡಕ್ಟರ್ ಚಿಲ್ಲರೆ ಕೊಡದೆ ಹೋಗುತ್ತಿದ್ದ, ಕರೆದು ಇಸಿದುಕೊಂಡೆ. ಎಲ್ಲರೂ ಹೀಗೇ, ಕೇಳದಿದ್ದರೆ ಏನೂ ಕೊಡುವುದಿಲ್ಲ.

ಜೂನ್ ೨೭, ಶುಕ್ರವಾರ

ಇವತ್ತು ಗೊತ್ತಾಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸಂಜೆ ಮುತ್ತು ಆಟವಾಡುತ್ತಿದ್ದಳು. ದಿಂಬುಗಳನ್ನೆಲ್ಲ ಸಾಲಾಗಿ ಕೂರಿಸಿ ಮಿಸ್ ಆಗಿದ್ದಳು. ನನ್ನ ವೇಲನ್ನು ಸೀರೆಯ ಹಾಗೆ ಸುತ್ತಿಕೊಂಡು, ಲಟ್ಟಣಿಗೆ ಹಿಡಿದುಕೊಂಡು. ನಾನು ಮೆಂತ್ಯ ಬಿಡಿಸುತ್ತಿದ್ದೆ. ಚಿಕ್ಕ ದಿಂಬನ್ನು ಎತ್ತಿ ನಿಲ್ಲಿಸಿ, ಅದರ ದನಿಯಲ್ಲಿ ಹೇಳಿದಳು: "ಮಿಸ್, ಉಚ್ಚಿ ಬಂದೈತಿ."

ಆಮೇಲೆ ಮಿಸ್ ಆಗಿ, ಲಟ್ಟಣಿಗೆ ಬೀಸಿ: "ಛೀ! ಶೇಮ್ ಶೇಮ್! ಡರ್ಟಿ ವರ್ಡ್! ಎಲ್ಲಾರೂ ನಗ್ರಿ!"

ಎಲ್ಲ ದಿಂಬುಗಳ ಪರವಾಗಿ ಅವಳೇ ನಕ್ಕಳು. ಚಿಕ್ಕ ದಿಂಬನ್ನು ಮೂಲೆಗೆ ಮುಖ ಮಾಡಿ ನಿಲ್ಲಿಸಿದಳು.

ಮೆಂತ್ಯ ಹಾಗೇ ಕೈಯಲ್ಲಿತ್ತು. "ಮುತ್ತು, ಮಿಸ್ ಹಿಂಗ ಅಂದ್ರ?"

"ಹೂಂ. ಬೇಬಿ ಕೆಟ್ಟ ಮಾತ ಆಡ್ತು. ಬೇಬಿ ಇನ್ನ ಮಾತಾಡಂಗಿಲ್ಲ."

ಅಷ್ಟೇ! ಇಷ್ಟೇ! ನಮ್ಮ ಮನೆಯಲ್ಲಿ, ನಮ್ಮ ಊರಲ್ಲಿ, ನಮ್ಮವ್ವ ನಮ್ಮಜ್ಜಿ ಎಲ್ಲರೂ ಕೂಸಿಗೆ ಕಲಿಸುವ ಮಾತು ಅದು. ಅದು ಇವರ ಕಿವಿಗೆ ಹೊಲಸು. ಸೂಸು ಅನ್ನಬೇಕಂತೆ, ವಾಶ್‌ರೂಮ್ ಅನ್ನಬೇಕಂತೆ. ಅನ್ನಬೇಕಿದ್ದರೆ ಕಲಿಸಿ! ಮೂರು ವರ್ಷದ ಕೂಸು ಉಚ್ಚೆ ಬಂದಿದೆ ಅಂತ ಬಾಯಿ ಬಿಟ್ಟು ಹೇಳಿದೆ, ನೀವು ನಕ್ಕಿದ್ದೀರಿ. ಅದು ಬಾಯಿ ಮುಚ್ಚಿದೆ. ಬಾಯಿ ಮುಚ್ಚಿದ್ದಕ್ಕೆ ಮೂಗಿ ಅಂದಿದ್ದೀರಿ. ಮೂಗಿ ಅಂದದ್ದಕ್ಕೆ ಅದರ ತಾಯಿ ನಕ್ಕಿದ್ದಾಳೆ.

ನನ್ನ ಮಗಳು ಮೂಗಿಯಲ್ಲ. ನಾನು ಕಲಿಸಿದ ಕನ್ನಡವೇ ಅವಳಿಗೆ ಅಲ್ಲಿ ಅಪರಾಧವಾಗಿದೆ.

ಇವರು ಬಂದಮೇಲೆ ಹೇಳಿದೆ. ನಿಂತುಕೊಂಡೇ ಹೇಳಿದೆ, ಊಟಕ್ಕೂ ಬಡಿಸದೆ. ಇವರು ನನ್ನ ಮುಖವನ್ನೇ ನೋಡುತ್ತಾ, "ಸಾವಕಾಶ ಮಾತಾಡ, ಕೆಳಗ ಕೇಳಸ್ತೈತಿ" ಅಂದರು.

"ಕೇಳಲಿ!" ಅಂದೆ.

ಜೂನ್ ೨೯, ಭಾನುವಾರ

ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಹೆಡ್ ಮೇಡಂ ಕರೆದಿದ್ದಾರೆ. ಇವರು "ನಾ ಬರ್ತೀನಿ" ಅಂದರು. ಬೇಡ ಅಂದೆ. ಇವರು ಬಂದರೆ "ಆತ್ರೀ ಮೇಡಂ" ಅಂದುಬಿಡುತ್ತಾರೆ. ಈ ವಾರ ಮತ್ತೆ ನೈಟ್ ಶಿಫ್ಟು, ಊಟ ಕಟ್ಟಿಕೊಂಡು ಹೋದರು. ಗೇಟಿನ ಕೀಲಿಯನ್ನೂ ತೆಗೆದುಕೊಂಡು ಹೋದರು, ಬುದ್ಧಿ ಬಂದಿದೆ.

ಹೇಳಬೇಕಾದದ್ದನ್ನೆಲ್ಲ ಬರೆದು ನೋಡಿದೆ. ಬರೆದದ್ದು ಚೆನ್ನಾಗಿಯೇ ಇದೆ. ಆದರೆ ಬರೆದದ್ದು ಯಾವತ್ತೂ ಚೆನ್ನಾಗಿಯೇ ಇರುತ್ತದೆ, ಅಲ್ಲಿ ಹೋದಮೇಲೆ ಇಂಜೆಕ್ಷನ್ ಆಗುತ್ತದೆ. ಒಂದು ಸಲವಾದರೂ ಬಾಯಲ್ಲಿ ಹೇಳಿ ನೋಡಬೇಕು, ಕೇಳುವವರೊಬ್ಬರು ಇರಬೇಕು. ಗೋಡೆಗೆ ಹೇಳಿದರೆ ಹೆದರಿಕೆ ಬರುವುದಿಲ್ಲ, ಹೆದರಿಕೆ ಬರದೆ ಹೇಳಿದರೆ ಅಭ್ಯಾಸವಾಗುವುದಿಲ್ಲ.

ಆ ವೆಂಕಟಲಕ್ಷ್ಮಿ ಮೇಡಂ ಕೊಟ್ಟ ಔಷಧವೂ ಹಾಗೇ ಉಳಿದಿದೆ. ನನಗೆ ಫೋನ್ ಮಾಡಿ ಅಂತ ಯಾರನ್ನು ಕೇಳಲಿ? ಇರುವವಳು ಒಬ್ಬಳೇ. ಇಷ್ಟು ದಿನ ಎತ್ತದವಳಿಗೆ ಅವಳು ಯಾಕೆ ಮಾಡಬೇಕು? ಮಾಡದಿದ್ದರೆ ಅವಳ ತಪ್ಪೇನೂ ಇಲ್ಲ.

ಮೊದಲು ಇಲ್ಲಿ ಬರೆಯುತ್ತೇನೆ, ಆಮೇಲೆ ವಾಟ್ಸಾಪಿನಲ್ಲಿ ಒಂದು ಅಕ್ಷರವೂ ತಿದ್ದದೆ ಕಳಿಸುತ್ತೇನೆ. ತಿದ್ದಲು ಕೂತರೆ ಬೆಳಗಾಗುತ್ತದೆ.

ಶೈಲಾ, ನಾನ ಅದೀನಿ. ನಂಬರ್ ಡಿಲೀಟ್ ಮಾಡಿದ್ದರ ಹೇಳ್ತೀನಿ, ನಿನ್ನ ಹಳೆ ರೂಮ್‌ಮೇಟ್, ಮೆಸ್ಸಿನ್ಯಾಗ ಇನ್ನೊಂದ ಚಪಾತಿ ಕೇಳಾಕ ನಿನ್ನ ಮೊಣಕೈ ತಿವೀತಿದ್ದಾಕಿ. ನೀ ಫೋನ್ ಮಾಡಿದಾಗೆಲ್ಲಾ ನಾ ಮನ್ಯಾಗ ಇದ್ದೆ. ಫೋನ್ ಕೈಯಾಗ ಇತ್ತು. ನಿನ್ನ ಹೆಸರ ನೋಡಕೋತ ಕೂತಿರ್ತಿದ್ದೆ. ಯಾಕ ಅಂತ ಆಮ್ಯಾಲ ಹೇಳ್ತೀನಿ, ಅದಕ್ಕ ಈಗ ಚೀಟಿ ಸೈತ ಐತಿ ನನ್ನ ಹಂತ್ಯಾಕ.

ನಂಗೊಬ್ಬ ಮಗಳದಾಳ. ಮುತ್ತು. ಆಕಿನ್ನ ಸ್ಕೂಲಿನ್ಯಾಗ ಮೂಗಿ ಅಂದಾರ. ನಾಳೆ ಮುಂಜಾನೆ ಹೋಗಿ, ಅಲ್ಲ ಅಂತ ಹೇಳಬೇಕು. ನಾನ ಹೇಳಬೇಕು. ನೀ ಬಂದು ಹೇಳೂದು ಬ್ಯಾಡ, ಆ ಕಾಲ ಹೋತು. ನೀ ಬರೀ ಕೇಳು. ಆ ಹೆಡ್ ಮೇಡಂ ಆಗಿ ಕೂತು, ನಡುವ ಬಾಯಿ ಹಾಕಿ, ಬೇಕಂದರ ನನ್ನ ಮಾತಿಗೆ ನಕ್ಕು, ಕಾಡು ನನ್ನ. ನಿಂಗ ರಾತ್ರಿಯಿಡೀ ಸಿಟ್ಟಿನವರ ಜೋಡಿ ಮಾತಾಡಿ ರೂಢಿ ಐತಲ್ಲ, ನಂದೂ ಒಂದು ಕೇಳು.

ಈಗ ಶಿಫ್ಟಿನ್ಯಾಗ ಇರ್ತಿ, ಗೊತ್ತು. ಚಾ ಕುಡ್ಯಾಕ ಬಿಟ್ಟಾಗ ಮಾಡು. ಯಾವಾಗರೆ ಮಾಡು, ನಾ ಹೆಂಗೂ ಮಲಗಂಗಿಲ್ಲ. ಸೈಲೆಂಟ್ ತಗದೀನಿ, ಫೋನ್ ಅಕ್ಕಿ ಡಬ್ಬಿ ಮ್ಯಾಲ ಇಟ್ಟು ಎದುರಿಗೇ ಕೂತೀನಿ. ಮೊದಲನೇ ಸಲ ಎತ್ತದಿದ್ದರ ಸಿಟ್ಟಾಗಬ್ಯಾಡ, ಮತ್ತ ಮಾಡು. ಮತ್ತೂ ಎತ್ತದಿದ್ದರ ಮತ್ತೂ ಮಾಡು, ಬಿಡಬ್ಯಾಡ. ಬೆಳಗಾದಮ್ಯಾಲ ಮಾಡಿದರ ಏನೂ ಉಪಯೋಗಿಲ್ಲ. ಬೆಳಗಾಗೂದರೊಳಗ ಮಾಡು, ಮಾರಾಯ್ತಿ, ಕೈ ಮುಗೀತೀನಿ, ಒಂದ ಸಲ ಫೋನ್ ಮಾಡು.